ರಾಹುಕಾಲ ಮುಗಿದ ಮೇಲೆ

ಶುಕ್ರವಾರ ರಾತ್ರಿ ಗದಗಿನಿಂದ ಚಿಕ್ಕಮ್ಮನ ಫೋನು:
‘ಒಂಬತ್ತರಿಂದ ಹತ್ತೂವರಿತನಾ ರಾಹುಕಾಲ ಐತಿ,
ಒಂದೂವರಿಗೆ ಯಮಗಂಡ. ನಡುವ ಹೋಗಿ ಒತ್ತಿ ಬಾ.’
ಇಲ್ಲಿ ಒತ್ತುವುದಿಲ್ಲ ಚಿಕ್ಕಮ್ಮ, ಪೆನ್ಸಿಲಿನಲ್ಲಿ ಬರೆಯುವುದು.
‘ಪೆನ್ಸಿಲ್ಲ? ಯಾರರೆ ಅಳಿಸಿದರ?’
ಉತ್ತರ ಗೊತ್ತಿರಲಿಲ್ಲ. ರಾಹು ನೋಡುವುದು
ಗದಗಿನ ಗಡಿಯಾರವನ್ನೋ ಬಲ್ಲರಾಟಿನದನ್ನೋ,
ಅದನ್ನು ನಾನೂ ಕೇಳಲಿಲ್ಲ.

ವೃದ್ಧಾಶ್ರಮದ ಏಳನೇ ಕೋಣೆಯ ಬೆರಿಲ್‌ಗೆ
ವೋಟಿನ ಪೆಟ್ಟಿಗೆಯೇ ಮಂಚದ ಬಳಿ ಬಂದು ಹೋಗಿತ್ತು ಮಂಗಳವಾರ.
ಕಾಲಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಹೇಳಿದಳು:
‘ಹನ್ನೆರಡೂ ಕಾಲು. ಚುರುಕಿನವರು ಮುಗಿಸಿರುತ್ತಾರೆ,
ಸೋಮಾರಿಗಳು ಇನ್ನೂ ಷೂ ಹುಡುಕುತ್ತಿರುತ್ತಾರೆ.
ಅರವತ್ತು ವರ್ಷ ನಿಂತಿದ್ದೇನೆ, ನನ್ನ ಮಾತು ಕೇಳು.’
ಅಡುಗೆಮನೆಯ ಟ್ರೆಂಟ್ ಎಂದ: ‘ಎಂಟಕ್ಕೆ, ಬಾಗಿಲು ತೆರೆಯುವಾಗಲೇ.’
ಅವನು ಎಂಟು ಗಂಟೆಯನ್ನು ನೋಡಿದವನೇ ಅಲ್ಲ.
ವಾರದ ಮುಂಚೆಯೇ ಹಾಕಿ ಕೈತೊಳೆದುಕೊಳ್ಳಬಹುದಿತ್ತು.
ಮೊದಲ ವೋಟು. ನನಗೆ ಶನಿವಾರವೇ ಬೇಕಿತ್ತು.

ಎರಡೂವರೆಗೆ ನನ್ನ ಪಾಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ
ಬಸ್ಸು ಕಳೆದು, ಸ್ನಾನ ಕಳೆದು, ಯಮಗಂಡ ಕಳೆದು
ಹತ್ತು ಮೂವತ್ತೈದಕ್ಕೆ ಶಾಲೆಯ ಗೇಟು ಮುಟ್ಟಿದರೆ
ಊರಿಗೆ ಊರೇ ಅದೇ ಲೆಕ್ಕ ಹಾಕಿತ್ತು.
ಹತ್ತಕ್ಕೆ ಮುಗಿದ ಮಕ್ಕಳ ಫುಟ್‌ಬಾಲ್ ಪಂದ್ಯ ಪೂರ್ತಿ
ಕೆಸರು ಮೆತ್ತಿದ ಮಂಡಿಗಳ ಸಮೇತ ಬಂದು ನಿಂತಿತ್ತು,
ಸೈಕಲ್ ಸ್ಟ್ಯಾಂಡು ದಾಟಿ, ಬೇಲಿ ದಾಟಿ, ಬೀದಿಯ ಮೂಲೆಗೆ.

ಮೇ ತಿಂಗಳ ಗಾಳಿ, ಕಿವಿಯೊಳಗೇ ಕೊರೆಯುವ ಜಾತಿಯದು.
ನನ್ನ ಮುಂದೆ ಒಂದು ಮುದಿ ನಾಯಿ, ಸ್ವೆಟರು ಹಾಕಿಕೊಂಡದ್ದು.
ಸಾಲು ಒಂದು ಹೆಜ್ಜೆ ಜರುಗಿದರೆ ಅದೂ ಎದ್ದು
ಒಂದೇ ಹೆಜ್ಜೆ ಇಟ್ಟು, ನಿಟ್ಟುಸಿರು ಬಿಟ್ಟು ಕೂರುತ್ತಿತ್ತು.

ಸಾಲು ನನಗೆ ಹೊಸದೇನಲ್ಲ. ಸೊಸೈಟಿಯ ಸೀಮೆಎಣ್ಣೆಗೆ
ನಸುಕಿನ ಐದಕ್ಕೇ ನಮ್ಮ ಡಬ್ಬಿ ಸಾಲಿಗೆ ನಿಲ್ಲುತ್ತಿತ್ತು,
ಕತ್ತಿಗೆ ಕೆಂಪು ಲಂಗದ ಚಿಂದಿ ಕಟ್ಟಿಸಿಕೊಂಡು.
ನಾನು ಮನೆಗೆ ಬಂದು ಮತ್ತೆ ಮಲಗುತ್ತಿದ್ದೆ.
ಡಬ್ಬಿಗಳು ಜಗಳವಾಡುತ್ತಿರಲಿಲ್ಲ. ಹತ್ತಕ್ಕೆ ಅವುಗಳ ಒಡೆಯರು ಬಂದರೇ ಜಗಳ.
ಇಲ್ಲಿ ಡಬ್ಬಿ ಇಟ್ಟು ಹೋಗಲು ಬರುವುದಿಲ್ಲ.
ನಾನೇ ನನ್ನ ಡಬ್ಬಿ. ಕೆಂಪು ಮಫ್ಲರು ಬೇರೆ.

ಹಿಂದಿನವನು, ಬಣ್ಣ ಬಳಿಯುವವನಿರಬೇಕು, ಉಗುರಲ್ಲೆಲ್ಲ ಬಿಳಿ,
ಕೇಳಿದ: ‘ಎಷ್ಟು ಹೊತ್ತಾಯ್ತು ನೀವು ಕಾಯುತ್ತ?’
ಬಾಯಿಗೆ ಬಂದದ್ದು: ಒಂಬತ್ತು ವರ್ಷ ಮೂರು ತಿಂಗಳು.
ಮೂರು ವೀಸಾ, ಎರಡು ಸಲ ಬೆರಳಚ್ಚು,
ಕಳೆದುಹೋದ ಒಂದು ಕಡತ, ಅದು ಸಿಕ್ಕಿತೆಂಬ ಒಂದು ಕಾಗದ.
‘ಇಪ್ಪತ್ತು ನಿಮಿಷ’ ಎಂದೆ.
‘ಅಯ್ಯೋ ದೇವರೇ’ ಅಂದ ಪಾಪ, ಗಾಬರಿಯಾಗಿ.

ಒಳಗೆ, ಮಕ್ಕಳ ಆಮೆಗಳ ಚಿತ್ರ ಅಂಟಿಸಿದ ಗೋಡೆಯ ಕೆಳಗೆ,
ರಟ್ಟಿನ ಮರೆಯಲ್ಲಿ ಒಂದು ಹಸಿರು ಕಾಗದ, ಒಂದು ಬಿಳಿ.
ಬಿಳಿಯದು ಎಷ್ಟು ಅಗಲ ಎಂದರೆ ಬಿಚ್ಚಿದಾಗ
ಪಕ್ಕದವರ ಮರೆಗೂ ಮೊಣಕೈ ತಾಗಿತು.
ಒಂದು, ಎರಡು, ಮೂರು... ಯಾರು ಬೇಕೆಂಬುದು ಸುಲಭ,
ಯಾರು ಕೊನೆಗೆ ಎಂಬುದು ಇನ್ನೂ ಸುಲಭ,
ನಡುವಿನವರನ್ನು ಸಾಲು ನಿಲ್ಲಿಸುವುದೇ ಕಷ್ಟ.
ಪೆನ್ಸಿಲನ್ನು ಒತ್ತಿ ಬರೆದೆ. ಚಿಕ್ಕಮ್ಮ, ಒತ್ತಿದೆ.

ಹೊರಗೆ ತವೆಯ ಹೊಗೆ. ಸಾಸೇಜು ಬೇಡವೆಂದೆ,
ಬ್ರೆಡ್ಡಿನ ಮೇಲೆ ಬರೀ ಈರುಳ್ಳಿ. ಆ ಹುಡುಗಿ ಚಿಮಟ ಹಿಡಿದು
‘ಬರೀ ಈರುಳ್ಳಿಯೇ?’ ಎಂದು ಎರಡು ಸಲ ಕೇಳಿ
ದುಡ್ಡು ಬೇಡ ಎಂದಳು. ಡಬ್ಬಿಗೆ ಹಾಕಿಯೇ ಬಂದೆ.

ಸಂಜೆ ಬೆರಿಲ್‌ಗೆ ಹೊದಿಕೆ ಸರಿಮಾಡುವಾಗ ವಿಚಾರಣೆ.
ಎಷ್ಟಕ್ಕೆ ಹೋದೆ? ಸಾಲು ಎಲ್ಲಿಯವರೆಗಿತ್ತು? ನಾಯಿಗಳಿದ್ದವೇ?
ಈರುಳ್ಳಿ ಹೇಗಿತ್ತು?
ಸೀದಿತ್ತು ಸ್ವಲ್ಪ, ಎಂದೆ.
ಕಣ್ಣು ಮುಚ್ಚಿಕೊಂಡೇ ನಕ್ಕಳು:
‘ಹನ್ನೆರಡೂ ಕಾಲಿಗೆ ಹೊಸದಾಗಿ ಹುರಿಯುತ್ತಾರೆ ಕಣೇ.’